ಉಪ್ಪು ಹೆಚ್ಚಾದ ವರ್ಷದ ರಂಜಕ

ಸೀತನಿ ಸುಡುವ ಕುಣಿಯ ಸುತ್ತ ಅವತ್ತು ನಾವೆಲ್ಲ ಇದ್ದೆವು. ಗಾಳಿಗೆ ಬೆನ್ನು ಕೊಟ್ಟು ಕುಳ್ಳಿನ ಕೆಂಡ ಕೆದಕುತ್ತ ಕೂತವಳು ಆಯಿ, ಅಂದರೆ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುವುದು ರೂಢಿ. ಸೀತನಿಗೆಂದು ಹೊಲದ ಎಳೆ ಜೋಳದ ತೆನೆ ಮುರಿದು ತಂದು ಅವಳ ಬಾಜು ಸುರಿಯುತ್ತಿದ್ದವನು ನನ್ನ ಸಣ್ಣ ಕಾಕಾ. ಅವ್ವ ಕಂಬಳಿ ಹಾಸಿ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುವ ಕೆಲಸ ನನ್ನದು. ಕೈ ಸುಟ್ಟುಕೊಂಡರೂ ಅದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ ನಾನು. ಬನ್ನಿ ಗಿಡದ ನೆರಳಿಗೆ, ಮಡಚಿದ ಗೋಣಿಚೀಲದ ಮೇಲೆ, ಬಿಳಿ ಧೋತರಕ್ಕೆ ಎರೆಮಣ್ಣು ತಾಗದ ಹಾಗೆ ಮೈ ಹಿಡಿದು ಕೂತವರು ಮಿಶ್ರಿಕೋಟಿಯಿಂದ ಬಂದ ಬೀಗರು, ಕಾಕಾನ ಮಾವ. ಅವರ ಮಗಳು, ನಮ್ಮ ಕಾಕಿ, ಕುಣಿಯ ಆಚೆ ಬದಿಗೆ ಒಂದು ಸಣ್ಣ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಭರಣಿಯ ಬಾಯಿಗೆ ಬಿಳಿ ಅರಿವೆ ಬಿಗಿದು ಕಟ್ಟಿತ್ತು.

"ಯಾಕವಾ ತಂಗಿ, ಹಂಗ ಅವಚಿಕೊಂಡ ಕುಂತಿ? ಕೂಸೇನು ಅದು?" ಅಂದರು ಬೀಗರು ಮಗಳಿಗೆ.

"ಕೂಸಿಗಿಂತ ಹೆಚ್ಚಿಂದು" ಅಂದಳು ಆಯಿ, ಬೆಂಕಿಯಿಂದ ಕಣ್ಣು ತೆಗೆಯದೆ. "ವರ್ಷದ ರಂಜಕ. ಹಣ್ಣ ಮೆಣಸಿನಕಾಯಿ ಕುಟ್ಟಿ ನಿಮ್ಮ ಮಗಳು ಹಾಕ್ಯಾಳ."

ಬೀಗರು ಸೀತನಿ ತಿನ್ನಲು ಬಂದಿದ್ದಾರೆ ಎಂದು ಊರಿಗೆ ಹೇಳಿದ್ದೆವು. ಒಳಗಿನ ಮಾತು ಬೇರೆ ಇತ್ತು. ಅವರ ಊರಿನವರೊಬ್ಬರು ಎತ್ತು ನೋಡಲು ನಮ್ಮೂರು ಮೊರಬಕ್ಕೆ ಬಂದಾಗ ಕೆರೆಯ ದಾರಿಯಲ್ಲಿ ಕಾಕಿಯನ್ನು ಕಂಡು, "ನಿಮ್ಮ ಮಗಳು ಅರ್ಧ ಆಗ್ಯಾಳ" ಎಂದು ಅಲ್ಲಿ ಹೋಗಿ ಹೇಳಿದ್ದರು. ಸುಳ್ಳಲ್ಲ. ಕಾಕಿ ಹುಟ್ಟಿ ಬೆಳೆದದ್ದು ಭತ್ತದ ಗದ್ದೆಗಳ ನಡುವೆ. ಎರಡು ಹೊತ್ತು ಅನ್ನ ಉಂಡ ಹೊಟ್ಟೆಗೆ ನಮ್ಮ ಮನೆಯಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ. ಆಕೆ ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಎರಡು ಹೋಳಾಗುತ್ತಿತ್ತು. "ಚಲೋ ಆತ ಬಿಡು, ಮುರಕೊಂಡ ತಿನ್ನೂ ತ್ರಾಸ ತಪ್ಪಿತು" ಎಂದು ಕಾಕಾ ನಗಿಸಲು ನೋಡುತ್ತಿದ್ದ. ಆಯಿ ಆಕೆಗೆ "ಅಕ್ಕಿ ಗುಬ್ಬಿ" ಎಂದು ಹೆಸರಿಟ್ಟಿದ್ದಳು. ಪ್ರೀತಿಯ ಹೆಸರೇ. ಆದರೆ ಕಾಕಿಗೆ ಅದು ಪ್ರೀತಿಯಾಗಿ ಕೇಳಿಸುವಷ್ಟು ದಿನ ಇನ್ನೂ ಆಗಿರಲಿಲ್ಲ.

ಮಗಳು ಇಲ್ಲಿ ಹೊಂದಿಕೊಂಡಿಲ್ಲ ಅನಿಸಿದರೆ ಬೀಗರು ಆಕೆಯನ್ನು ಕರೆದುಕೊಂಡು ಹೋಗಿ ನಾಲ್ಕು ತಿಂಗಳು ಇಟ್ಟುಕೊಳ್ಳುವವರಿದ್ದರು. ತವರಿಗೆ ಕಳಿಸಲು ನಮ್ಮ ಮನೆಯವರೂ ಒಲ್ಲೆ ಎನ್ನುತ್ತಿರಲಿಲ್ಲ. ಒಲ್ಲದವಳು ಕಾಕಿಯೇ. ಅವ್ವನ ಮುಂದೆ ಆಕೆ ಹೇಳಿದ್ದನ್ನು ನಾನು ಕೇಳಿದ್ದೆ: "ಯಕ್ಕಾ, ಹಬ್ಬಕ್ಕ ಕರದ್ರ ಕುಣಕೋತ ಹೋಗ್ತೀನಿ. ಹಿಂಗ ಕರದ್ರ ಸೋತ ಹೋದಂಗ. ಆಮ್ಯಾಲ ತಿರುಗಿ ಬಂದ್ರೂ ಅಗದಿ ಪಾವಣಿಗಿತ್ತಿ ಬಂದಂಗ ಆಕ್ಕೈತಿ, ಸೊಸಿ ಬಂದಂಗ ಅಲ್ಲ."

ಅದಕ್ಕೇ ಆಕೆ ಆ ವರ್ಷ ಹಣ್ಣು ಮೆಣಸಿನಕಾಯಿಯ ಚೀಲ ಮನೆಗೆ ಬಂದ ದಿನ, ಎಲ್ಲರ ಎದುರಿಗೆ, ಸೆರಗು ಸೊಂಟಕ್ಕೆ ಸಿಗಿಸಿ ಕೇಳಿಬಿಟ್ಟಳು: "ಅತ್ತಿ, ಈ ಸಲ ರಂಜಕ ನಾ ಹಾಕ್ಲೇನ್ರಿ?"

ಅವ್ವ ಮಾಡುತ್ತಿದ್ದ ಕೆಲಸ ನಿಲ್ಲಿಸಿದಳು. ರಂಜಕ ಅಂದರೆ ನಮ್ಮ ಮನೆಯಲ್ಲಿ ಆಯಿಯ ಕೈ. ಹಿರಿಸೊಸೆಯಾದ ಅವ್ವನಿಗೂ ಮೆಣಸಿನಕಾಯಿ ತೊಟ್ಟು ಬಿಡಿಸುವುದರ ಆಚೆಗೆ ಪರವಾನಗಿ ಇರಲಿಲ್ಲ.

ಆಯಿ ಕಾಕಿಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ರೊಟ್ಟಿ ಮುರದ್ರ ನಾಯಿ ತಿಂತೈತಿ. ರಂಜಕ ಕೆಟ್ರ ನಾಯೀನೂ ಮೂಸೂದಿಲ್ಲವಾ" ಅಂದಳು. ಆಮೇಲೆ ಏನು ತಿಳಿಯಿತೋ, "ಹಾಕು. ನಿಮ್ಮಪ್ಪ ಸೀತನಿಗೆ ಬರ್ತಾರಲ್ಲ, ಹೊಲದಾಗ ಅವರ ಮುಂದನ ಭರಣಿ ಬಾಯಿ ಬಿಚ್ಚೂಣು" ಅಂದಳು.

ಆಯಿಯ ರಂಜಕ ಹೀಗೆ. ಕೆಂಪಗೆ ಹಣ್ಣಾದ, ಇನ್ನೂ ಒಣಗದ ಮೆಣಸಿನಕಾಯಿ ತೊಳೆದು ನೆರಳಿಗೆ ಹರವಬೇಕು. ಒಂದು ಹನಿ ನೀರು ಉಳಿಯಬಾರದು. ತೊಟ್ಟು ಬಿಡಿಸಿ, ಹಿತ್ತಲಿನ ಒರಳಿನಲ್ಲಿ ಒನಕೆಯಿಂದ ಕುಟ್ಟಬೇಕು. ತೀರ ನುಣ್ಣಗೆ ಬೇಡ, ಬೀಜ ಅಲ್ಲಲ್ಲಿ ಕಾಣಬೇಕು. ಹುರಿದ ಮೆಂತ್ಯದ ಪುಡಿ, ಬೆಳ್ಳುಳ್ಳಿ, ಇಂಗು, ಲಿಂಬೆಯ ರಸ. ಉಪ್ಪು ಮಾತ್ರ ಎರಡು ಪಾಲು. ಕುಟ್ಟುವಾಗ ಒಂದು ಪಾಲು, ಕುಟ್ಟಿದ್ದನ್ನೆಲ್ಲ ಪರಾತಕ್ಕೆ ತೆಗೆದು ಕಲಸುವಾಗ ಇನ್ನೊಂದು. ಮೊದಲನೇದು ರುಚಿಗೆ, ಎರಡನೇದು ಆಯುಷ್ಯಕ್ಕೆ ಅನ್ನುತ್ತಿದ್ದಳು ಆಯಿ. ನಡುವೆ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ. ಎಂಜಲು ತಾಗಿದ ರಂಜಕ ಉಳಿಯುವುದಿಲ್ಲ ಎಂಬುದು ಅವಳ ಕಾಯಿದೆ. ಭರಣಿಗೆ ತುಂಬಿ ಬಾಯಿ ಕಟ್ಟಿದ ಮೇಲೆ ಹದಿನೈದು ದಿನ ಬಿಚ್ಚಬಾರದು.

ಈಗ ನಮ್ಮ ಮನೆಯ ಮಾತಿನ ಒಂದು ರೀತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಯಾವುದೂ ಎಂದೂ ಮುಗಿದದ್ದೇ ಇಲ್ಲ. ಗಡಿಗೆಯ ತಳ ಕಂಡರೂ ಮುಗಿಯಿತು ಅನ್ನುವಂತಿರಲಿಲ್ಲ. ಜೋಳ ಮುಗಿದರೆ "ಜ್ವಾಳ ಹೆಚ್ಚಾಗ್ಯಾವ", ಎಣ್ಣೆ ಮುಗಿದರೆ "ಎಣ್ಣಿ ಹೆಚ್ಚಾಗೈತಿ". ಸಣ್ಣವಳಿದ್ದಾಗ ಒಮ್ಮೆ ನಾನು "ಆಯಿ, ಬೆಲ್ಲ ಮುಗೀತು" ಎಂದು ಕೂಗಿ ತಲೆಗೊಂದು ಮೊಟಕಿಸಿಕೊಂಡಿದ್ದೆ. "ಮುಗೀತು ಅಂದ್ರ ಲಕ್ಷ್ಮೀ ಕಿವಿಗೆ ಬೀಳತೈತಿ. ಆಕಿ ಚಪ್ಪಲಿ ಮೆಟಗೊಂಡ ಹೊಂಟ ಬಿಡ್ತಾಳ" ಅಂದಿದ್ದಳು. ಇನ್ನು ಸಾರಿಗೋ ಪಲ್ಯಕ್ಕೋ ಉಪ್ಪು ನಿಜವಾಗಿಯೇ ಜಾಸ್ತಿಯಾದರೆ? ಅದಕ್ಕೆ "ಉಪ್ಪ ಮುಂದಾಗೈತಿ" ಅನ್ನುತ್ತಿದ್ದೆವು. ಎರಡೂ ಬೇರೆ ಬೇರೆ. ಹುಟ್ಟಿದಾಗಿನಿಂದ ಕೇಳಿದ ನಮಗೆ ಇದರಲ್ಲಿ ಎಡವಟ್ಟಾಗುವಂಥದು ಏನೂ ಕಂಡಿರಲಿಲ್ಲ.

ರಂಜಕ ಕುಟ್ಟಿದ ದಿನ ಕಾಕಿ ಮುಂಜಾನೆಯಿಂದ ಒರಳು ಬಿಟ್ಟು ಎದ್ದಿರಲಿಲ್ಲ. ಘಾಟಿಗೆ ಹಿತ್ತಲಿನ ಕೋಳಿಗಳು ಸಹ ಆಚೆ ಓಣಿಗೆ ಹೋಗಿಬಿಟ್ಟಿದ್ದವು. ತೊಟ್ಟು ಬಿಡಿಸುತ್ತಿದ್ದ ನಾನು ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ಬೊಬ್ಬೆ ಹೊಡೆದೆ. ಅವ್ವ ನನ್ನನ್ನು ದರದರ ಎಳೆದುಕೊಂಡು ಹೋಗಿ ಮನೆಯ ಮುಂದಿನ ಹೌದಿನ ನೀರಿನಲ್ಲಿ ಮುಖ ಮುಳುಗಿಸಿದಳು. ಹಿತ್ತಲಿನಲ್ಲಿ ಉಳಿದವಳು ಕಾಕಿ ಒಬ್ಬಳೇ. ಎರಡನೇ ಪಾಲಿನ ಉಪ್ಪು ತೆಗೆದುಕೊಡಲು ಆಯಿ ಒಳಗೆ ಹೋಗಿ ಗಡಿಗೆಗೆ ಕೈ ಹಾಕಿದಳು. ತಳ ಸಿಕ್ಕಿತು. ಒಳಗಿನಿಂದಲೇ ಒದರಿದಳು:

"ಏ ತಂಗೀ, ಉಪ್ಪ ಹೆಚ್ಚಾಗೈತಿ ನೋಡವಾ!"

"ಹೂನ್ರಿ ಅತ್ತಿ!" ಎಂದಿತು ಹಿತ್ತಲು.

ಅಷ್ಟರಲ್ಲಿ ಬಾಜು ಮನೆಯವರ ಎಮ್ಮೆ ಈಯಲು ತ್ರಾಸ ಮಾಡಿಕೊಳ್ಳುತ್ತಿದೆ ಎಂದು ಕರೆ ಬಂತು. ಎಮ್ಮೆಯ ಬಾಣಂತನ ಅಂದರೆ ನಮ್ಮ ಓಣಿಗೆಲ್ಲ ಆಯಿಯೇ. ಹೋದವಳು ಕರು ಎದ್ದು ನಿಂತು ಹಾಲು ಕುಡಿದ ಮೇಲೆಯೇ ಬಂದಳು. ಬರುವ ಹೊತ್ತಿಗೆ ದೊಡ್ಡ ಭರಣಿ, ಸಣ್ಣ ಭರಣಿ ಎರಡರ ಬಾಯಿಯೂ ಕಟ್ಟಿ ಆಗಿತ್ತು.

"ಉಪ್ಪಿಂದು ನೋಡ್ಕೊಂಡ್ಯಾ?" ಅಂದಳು ಆಯಿ. ಅಂಗಡಿಯಿಂದ ತರಿಸಿಕೊಂಡೆಯಾ ಎಂದು ಅವಳ ಅರ್ಥ.

"ನೋಡ್ಕೊಂಡ್ನಿರಿ" ಅಂದಳು ಕಾಕಿ. ಇನ್ನು ಹಾಕಲಿಲ್ಲ ಎಂದು ಈಕೆಯ ಅರ್ಥ.

ಇಬ್ಬರಿಗೂ ಸಮಾಧಾನವಾಯಿತು.

ಹೀಗೆ ಆ ಸಣ್ಣ ಭರಣಿ ಚಕ್ಕಡಿ ಹತ್ತಿ ಹೊಲಕ್ಕೆ ಬಂದಿತ್ತು. ಮೊದಲ ತೆನೆಗಳು ಬೂದಿಯೊಳಗೆ ಚಟಪಟ ಅನ್ನತೊಡಗಿದವು. ಹಸಿ ಜೋಳ ಕೆಂಡದಲ್ಲಿ ಬೇಯುವ ಆ ವಾಸನೆಗೆ ಹಾಲಿನದೂ ಹೊಗೆಯದೂ ಎರಡೂ ಸೇರಿರುತ್ತದೆ. ನಾನು ತಿಕ್ಕಿದೆ, ಅವ್ವ ಮೊರದಲ್ಲಿ ಕೇರಿದಳು, ಹಸಿರು ಮುತ್ತಿನಂಥ ಕಾಳು ಬೀಗರ ಗಂಗಾಳಕ್ಕೆ ಬಿತ್ತು. ಬಾಜು ಮೊಸರು, ಬೆಲ್ಲ, ಗುರೆಳ್ಳು ಚಟ್ನಿ.

"ಈಗ ನಿನ್ನ ಕೂಸಿನ ಮಾರಿ ತೋರಸವಾ" ಅಂದರು ಬೀಗರು.

ಕಾಕಿ ಭರಣಿಯನ್ನು ನೆಲಕ್ಕಿಟ್ಟಾಗಲೇ ನನಗೆ ಕಂಡಿತ್ತು. ಬಾಯಿಗೆ ಕಟ್ಟಿದ ಅರಿವೆ ಉಬ್ಬಿ ನಿಂತಿತ್ತು. ಅಂಚಿಗೆ ಕೆಂಪು ರಸ ಒಸರಿತ್ತು. ದಾರ ಬಿಚ್ಚಿದ ಕೂಡಲೇ ಬುಸ್ಸೆಂದು ಶಬ್ದ ಬಂತು. ಹುಳಿ ವಾಸನೆ ಬನ್ನಿ ಗಿಡದ ತನಕ ಹೋಯಿತು. ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತಿದ್ದವು.

"ಯವ್ವಾ, ಇದು ಉಸರಾಡಾಕತ್ತೈತಿ!" ಅಂದ ಕಾಕಾ.

ಅವ್ವ ಅವನನ್ನು ದುರುಗುಟ್ಟಿ ನೋಡಿದಳು. ಅವನು ಎದ್ದು ತೆನೆ ಮುರಿಯಲು ಹೋಗುವವನಂತೆ ಮಾಡಿ, ಹೋಗದೆ ಅಲ್ಲೇ ನಿಂತ. ಆಯಿ ಕುಣಿ ಬಿಟ್ಟು ಬಂದಳು. ಬೆರಳ ತುದಿಗೆ ಹಚ್ಚಿಕೊಂಡು ಮೂಸಿದಳು, ನಾಲಿಗೆಗಿಟ್ಟಳು, ಆಕಾಶ ನೋಡಿದಳು.

"ಉಪ್ಪ ಎಷ್ಟ ಹಾಕಿದ್ದಿ?"

"ಮೊದಲನೇ ಪಾಲ ಅಷ್ಟರಿ."

"ಎರಡನೇದು?"

"ನೀವ ಒದರಿದ್ರೆಲ್ರಿ ಒಳಗಿಂದ, ಉಪ್ಪ ಹೆಚ್ಚಾಗೈತಿ ಅಂತ. ಹೆಚ್ಚಾಗೈತಿ ಅಂದ ಮ್ಯಾಲ ಮತ್ತ ಹಾಕೂದು ಹೆಂಗ್ರಿ ಅತ್ತಿ?"

ಆಯಿ ಹಣೆ ಚಚ್ಚಿಕೊಂಡಳು. "ಅಯ್ಯ ನನ ಶಿವನ! ಗಡಿಗ್ಯಾಗ ಹೆಚ್ಚಾಗೈತಿ ಅಂದ್ನೇ ಹುಡಗೀ! ರಂಜಕದಾಗ ಹೆಚ್ಚಾಗಿದ್ರ ಮುಂದಾಗೈತಿ ಅಂತಿದ್ದಿಲ್ಲೇನು?"

"ನಮ್ಮಲ್ಲಿ ಹಂಗ ಅನ್ನೂದಿಲ್ರಿ" ಅಂದಳು ಕಾಕಿ. ದನಿ ಸಣ್ಣಗಾಗಿತ್ತು. "ಇಲ್ಲದ್ದಕ್ಕ ನಾವು ತುಂಬೈತಿ ಅಂತೀವಿ."

ಬೀಗರು ತೊಡೆ ತಟ್ಟಿಕೊಂಡು ನಕ್ಕರು. "ಖರೇ ಐತ್ರಿ ಅಕ್ಕಾರ. ನಮ್ಮ ಮನ್ಯಾಗ ಅಕ್ಕಿ ತುಂಬ್ಯಾವ ಅಂದ್ರ ನಾ ಚೀಲ ತಗೊಂಡ ಅಂಗಡಿಗೆ ಓಡಾಂವ."

"ನಮ್ಮಲ್ಲಿ ಹಂಗಂದ್ರ ಪಂಕ್ತಿ ಹಾಕಿ ಕುಂದರ್ತೀವ್ರಿ ಮಾವಾರ" ಅಂದ ಕಾಕಾ.

ಎಲ್ಲರೂ ನಕ್ಕೆವು. ಕಾಕಿ ನಗಲಿಲ್ಲ. ಭರಣಿಯ ಅರಿವೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅದನ್ನು ನೋಡಿ ಬೀಗರ ನಗು ನಿಂತಿತು. ತಂದೆಯಲ್ಲವೇ. ಮಗಳ ಮಣಿಕಟ್ಟಿನಲ್ಲಿ ಬಳೆ ಎಷ್ಟು ಸಡಿಲಾಗಿವೆ ಎಂಬುದು ಅವರ ಕಣ್ಣಿಗೆ ಆಗಲೇ ಬಿದ್ದಿರಬೇಕು.

"ಹೋಗ್ಲಿ ಬಿಡವಾ ತಂಗಿ" ಅಂದರು ಮೆತ್ತಗೆ. "ಅದನ್ನ ಆ ಬದುವಿಗೆ ಚೆಲ್ಲು. ನಾಳಿ ನನ್ನ ಜೋಡಿ ಮನಿಗೆ ನಡಿ. ನಾಕ ತಿಂಗಳ ಉಂಡ ತಿಂದ ಮೈ ಹಿಡಕೊಂಡ ಬರ್ತಿಯಂತ. ಅಕ್ಕಾರ, ನೀವ ಏನಂತೀರಿ?"

ಆಯಿ ಕಾಕಿಯ ಕಡೆ ನೋಡಿದಳು.

"ಚೆಲ್ಲೂದಿಲ್ಲಪ್ಪಾ" ಅಂದಳು ಕಾಕಿ. ಅತ್ತೆಯ ಕಡೆ ತಿರುಗಿ, "ಬೂಸರ ಬಂದೈತೇನ್ರಿ ಇದಕ್ಕ?" ಎಂದು ಕೇಳಿದಳು.

"ಬೂಸರ ಇಲ್ಲ. ಬರೇ ಎದ್ದೈತಿ, ದ್ವಾಸಿ ಹಿಟ್ಟ ಎದ್ದಂಗ."

"ನಮ್ಮಲ್ಲಿ ಮಿಡಿ ಉಪ್ಪಿನಕಾಯಿ ಹಿಂಗ ಎದ್ರ ಎಣ್ಣ್ಯಾಗ ಕಾಸ್ತಾರ್ರಿ. ಕಾಸಲ್ಯಾ?"

ಆಯಿ ಭರಣಿಯನ್ನು ಕಾಕಿಯ ಕಡೆ ಸರಿಸಿದಳು. "ಭರಣಿ ನಿಂದು. ನನ್ನೇನ ಕೇಳ್ತಿ?"

ಹೊಲದಲ್ಲಿ ಬಾಣಲೆ ಎಲ್ಲಿಯದು? ಬೀಗರಿಗೆ ಚಹಾ ಕಾಸಲೆಂದು ಅವ್ವ ತಂದಿದ್ದ ಬೋಗುಣಿ ಇತ್ತು. ಚಟ್ನಿಯ ಮೇಲೆ ಹಾಕಿಕೊಳ್ಳಲು ಕುಸುಬೆ ಎಣ್ಣೆಯ ಬಾಟಲಿ ಇತ್ತು. ಮಜ್ಜಿಗೆಗೆಂದು ಕಾಗದದಲ್ಲಿ ಕಟ್ಟಿದ ಉಪ್ಪೂ ಇತ್ತು. ಕಾಕಿ ಮೂರು ಹೆಂಟೆ ಜೋಡಿಸಿ, ಕುಣಿಯ ಕೆಂಡವನ್ನು ತೆನೆಯ ಸಮೇತ ಎಳೆದುಕೊಂಡಳು. ಎಣ್ಣೆ ಹೊಗೆಯಾಡುವ ತನಕ ಕಾದಳು. ಬುತ್ತಿಯ ಗಂಟಿನಲ್ಲಿ ಸಿಕ್ಕ ಬೆಳ್ಳುಳ್ಳಿ ಜಜ್ಜಿದ್ದು ಬಿದ್ದು ಕಂದಿತು. ಆಮೇಲೆ ಭರಣಿಯದೆಲ್ಲ ಒಮ್ಮೆಗೇ ಸುರಿದಳು. ಚೊಂಯ್ ಎಂದದ್ದಕ್ಕೆ ಆಚೆ ಕಟ್ಟಿದ್ದ ಎತ್ತುಗಳು ಕಿವಿ ನಿಮಿರಿಸಿದವು. ಘಾಟು ಏರಿ ನಾವೆಲ್ಲ ಕೆಮ್ಮಿದೆವು. ಕಾಕಾ ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು ಬದುವಿನ ತನಕ ಓಡಿದ. ಕಾಕಿ ಕದಲಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈಯಾಡಿಸುತ್ತಲೇ ಇದ್ದಳು. ಆ ನೀರಿನಲ್ಲಿ ಘಾಟಿನದೆಷ್ಟು, ಅಳುವಿನದೆಷ್ಟು ಎಂದು ಹೇಳಲು ಬರುವಂತಿರಲಿಲ್ಲ. ಹಾಗಾದದ್ದು ಆಕೆಗೆ ಅನುಕೂಲವೇ ಆಯಿತೇನೋ. ನೀರಿನಂಶ ಆರಿ, ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಆಕೆ ಆಯಿಯ ಕಡೆ ಬರಿಗೈ ಚಾಚಿದಳು. ಆಯಿ ಆ ಕೈಗೆ ಉಪ್ಪಿನ ಪೊಟ್ಟಣ ಕೊಟ್ಟಳು. ಎಷ್ಟು ಹಾಕಬೇಕು ಎಂದು ಕಾಕಿ ಕೇಳಲಿಲ್ಲ, ಆಯಿ ಹೇಳಲಿಲ್ಲ. ಕೊನೆಗೆ ಕಾಕಿ ಬೀಗರ ಗಂಗಾಳದ ಅಂಚಿನ ಬೆಲ್ಲದ ಚೂರೊಂದನ್ನು ಎತ್ತಿ ಅದಕ್ಕೇ ಹಾಕಿಬಿಟ್ಟಳು.

ಅಷ್ಟರಲ್ಲಿ ಕುಣಿಯಲ್ಲಿ ಉಳಿದಿದ್ದ ತೆನೆಗಳೆಲ್ಲ ಕರಕಾಗಿದ್ದವು. ಸೀತನಿ ಸುಡುವುದರಲ್ಲಿ ಊರಿಗೇ ಹೆಸರಾದ ಆಯಿ ಅವನ್ನು ಮರೆತೇಬಿಟ್ಟಿದ್ದಳು.

ಹೊಸ ತೆನೆ ಸುಟ್ಟೆವು. ಬಿಸಿ ಕಾಳಿನ ಮೇಲೆ ಬಿಸಿ ರಂಜಕ. ಬೀಗರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿದರು. ಕಿವಿ ಕೆಂಪಾಯಿತು. ಮೂಗು ಒರೆಸಿಕೊಂಡರು. ಕಾಕಿ ಬೋಗುಣಿ ಹಿಡಿದುಕೊಂಡೇ ನಿಂತಿದ್ದಳು.

"ತಂಗಿ," ಅಂದರು, "ಇನ್ನಷ್ಟ ನೀಡು."

ಕಾಕಿ ಅವತ್ತು ನಮ್ಮ ಜೊತೆ ಕೂತು ಹೊಟ್ಟೆ ತುಂಬ ತಿಂದಳು. ರೊಟ್ಟಿ ಒಗ್ಗದವಳಿಗೆ ಅದೇ ಜೋಳ ಸೀತನಿಯಾಗಿ ಒಗ್ಗಿತ್ತು. ಅವ್ವ ಕಾಳು ಸುರಿದಂತೆಲ್ಲ ಖಾಲಿ ಮಾಡಿದಳು. ಬೀಗರು ತಮ್ಮದು ಬಿಟ್ಟು ಮಗಳ ಗಂಗಾಳವನ್ನೇ ನೋಡುತ್ತಿದ್ದರು. ಆಯಿ ಹೊಗಳಲಿಲ್ಲ. ಹೊಗಳುವುದು ಅವಳಿಗೆ ಬರುತ್ತಿರಲಿಲ್ಲ. ಎರಡು ಸಲ ಹಾಕಿಸಿಕೊಂಡು, ಬೆರಳು ನೆಕ್ಕುತ್ತ, "ಮನ್ಯಾಗ ದೊಡ್ಡ ಭರಣೀನೂ ಹಿಂಗ ಎದ್ದ ಕುಂತಿರತೈತಿ. ಅದನ್ನ ನೀನ ಕಾಸಬೇಕ ನೋಡು. ಈ ಘಾಟಿಗೆ ನನ್ನ ಕಣ್ಣ ತಡ್ಯೂದಿಲ್ಲ" ಅಂದಳು. ಮೂವತ್ತು ವರ್ಷ ಆ ಘಾಟಿನಲ್ಲೇ ಕೂತು ಬಂದ ಕಣ್ಣು ಅವು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ತೊಳೆದು ತೊಳೆದು ಅದೇ ಬೋಗುಣಿಯಲ್ಲಿ ಚಹಾ ಆಯಿತು. ಒಂದು ಗುಟುಕು ಕುಡಿದ ಬೀಗರು ಬಟ್ಟಲನ್ನು ಎತ್ತಿ ಹಿಡಿದು ನೋಡಿದರು. "ಅಕ್ಕಾರ, ನಿಮ್ಮ ಕಡೆ ಚಹಾಕ್ಕೂ ಬಳ್ಳೊಳ್ಳಿ ಖಾರ ಹಾಕ್ತೀರೇನು?"

"ದಿನಾ ಹಾಕೂದಿಲ್ರಿ" ಅಂದಳು ಆಯಿ. "ಬೀಗರು ಬಂದಾಗ ಅಷ್ಟ."

ಮರುದಿನ ಮುಂಜಾನೆ ಬೀಗರು ಹೊರಡುವಾಗ ಮಗಳನ್ನು ಮತ್ತೊಮ್ಮೆ ಕರೆದರು. ಹಿತ್ತಲಿನ ಒಲೆಯ ಮುಂದೆ, ದೊಡ್ಡ ಭರಣಿಯ ಬಾಜು ಕೂತಿದ್ದ ಕಾಕಿ ಮೊಣಕೈ ತನಕ ಕೆಂಪಾಗಿದ್ದಳು. "ಈಗ ಹೆಂಗ ಬರ್ಲೋ ಅಪ್ಪಾ? ಒಲಿ ಮ್ಯಾಲ ಇಟ್ಟೀನಿ. ನಡು ಬಿಟ್ರ ತಳ ಹಿಡೀತೈತಿ" ಅಂದಳು. ಬೀಗರು ಕಾಕಾನ ಚಕ್ಕಡಿಯಲ್ಲಿ ಬಸ್ಸಿನ ತನಕ ಒಬ್ಬರೇ ಹೋದರು.

ಆ ವರ್ಷದಿಂದ ನಮ್ಮ ಮನೆಯ ರಂಜಕ ಎರಡು ಬಗೆ. ಒಂದು ಆಯಿಯ ಹಸಿ ರಂಜಕ, ಇನ್ನೊಂದು ಬೇಕೆಂದೇ ಉಪ್ಪು ಕಡಿಮೆ ಹಾಕಿ, ಮೂರು ನಾಲ್ಕು ದಿನ ಎಬ್ಬಿಸಿ, ಕುಸುಬೆ ಎಣ್ಣೆಯಲ್ಲಿ ಕಾಸಿದ್ದು. ಎರಡನ್ನೂ ನಾನು ಕಾಕಿಯಿಂದ ಕಲಿತೆ. ಮೊದಲನೆಯದನ್ನು ಕಲಿಸುವಾಗ ಆಕೆ "ಅತ್ತಿ ಹಿಂಗ ಮಾಡ್ತಿದ್ರು" ಅನ್ನುತ್ತಿದ್ದಳು. ಎರಡನೆಯದಕ್ಕೂ ಹಾಗೆಯೇ ಅನ್ನುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ.

ರೊಟ್ಟಿ ಮಾತ್ರ ಇನ್ನೂ ಒಂದು ವರ್ಷ ಮುರಿಯುತ್ತಲೇ ಇತ್ತು.

ಅದಾದ ಎರಡು ವರ್ಷಕ್ಕೆ ಕಾಕಿಯ ತಂಗಿಗೆ ವರ ನೋಡತೊಡಗಿದರು. ಅವರಿಗೆ ಹತ್ತಿರದ, ಅನ್ನ ಉಣ್ಣುವ ಕಲಘಟಗಿ ಕಡೆಯಿಂದಲೇ ಎರಡು ಸಂಬಂಧ ಬಂದಿದ್ದವಂತೆ. ಬೀಗರು ಒಂದು ದಿನ ತಾವೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದು, ಆಯಿಯ ಎದುರಿಗೆ ಕೂತು, "ಅಕ್ಕಾರ, ನಿಮ್ಮ ಕಡೆ ಯಾವದರ ಚಲೋ ಮನಿ ಇದ್ರ ಹೇಳ್ರಿ" ಅಂದರು. ಆಯಿ ಹೇಳಿದ, ನಮ್ಮ ಹಾಗೆ ಜೋಳದ ರೊಟ್ಟಿ ಉಣ್ಣುವ ಅಣ್ಣಿಗೇರಿ ಬಾಜಿನ ಹಳ್ಳಿಗೇ ಆ ಹುಡುಗಿಯನ್ನು ಕೊಟ್ಟರು. ಮದುವೆಗೆ ನಾವೆಲ್ಲ ಟ್ರ್ಯಾಕ್ಟರಿನಲ್ಲಿ ಹೋದೆವು.